ಕೋಟೆಯ ತುದಿಗೆ ಚಪ್ಪಲಿ ಹೊತ್ತದ್ದು

ಮೆಚ್ಚಿಕೊಳ್ಳುವುದು ನನ್ನ ಜಾತಕದಲ್ಲೇ ಇಲ್ಲ. ಬಸವನಗುಡಿಯ ಯಾವ ಹೋಟೆಲಿನ ದೋಸೆ ಬಂದರೂ ಮೊದಲು ಅದರ ಅಂಚೆತ್ತಿ, ಎಲ್ಲಾದರೂ ಸೀದಿದೆಯೇ ಎಂದು ನೋಡುವ ಆಸಾಮಿ ನಾನು. ಮದುವೆಮನೆಯಲ್ಲಿ ಕೈ ತೊಳೆದು ‘ಪರವಾಗಿಲ್ಲ’ ಎಂದೆನೆಂದರೆ ಅಡುಗೆಯವರ ಪುಣ್ಯ. ಇಂಥ ನನ್ನನ್ನು, ನಿವೃತ್ತಿಯಾದ ಮೇಲೆ, ಹೆಂಡತಿ ವಿಮಲ ಪ್ಯಾಕೇಜ್ ಟೂರಿನಲ್ಲಿ ಜಪಾನಿಗೆ ಎಳೆದುಕೊಂಡು ಹೋದಳು. ಹಿಮೇಜಿ ಎಂಬ ಊರಿನ ಹಳೆಯ ಕೋಟೆಯ ಮುಂದೆ ನಿಂತಾಗಲೂ ಹುಳುಕು ಹುಡುಕಲು ಸಜ್ಜಾಗಿಯೇ ಇದ್ದೆ.

ಸಿಗಲಿಲ್ಲ. ಅಂತಸ್ತಿನ ಮೇಲೆ ಅಂತಸ್ತಾಗಿ, ಬೆಳ್ಳಗೆ, ಕತ್ತು ನೋಯುವಷ್ಟು ಎತ್ತರಕ್ಕೆ ಎದ್ದು ನಿಂತಿತ್ತು. ನಮ್ಮ ಮನೆಗೆ ಹೊಡೆಸಿದ ಸುಣ್ಣ ಒಂದು ಮಳೆಗಾಲ ತಡೆಯುವುದಿಲ್ಲ; ಇಲ್ಲಿ ಇಡೀ ಕೋಟೆಗೇ ಸುಣ್ಣದ ಗಾರೆ! ‘ಅಬ್ಬಬ್ಬಾ!’ ಎಂದುಬಿಟ್ಟೆ. ವಿಮಲ ತಿರುಗಿ, “ನೀವೇನಾ ಅಂದಿದ್ದು?” ಎಂದಳು.

ಬಾಗಿಲಲ್ಲಿ ಚಪ್ಪಲಿ ಬಿಚ್ಚಿಸಿದರು. ದೇವಸ್ಥಾನದ ಮುಂದೆ ಒಂದು ಕಾಲಿನದನ್ನು ಈ ಮೂಲೆಗೆ, ಇನ್ನೊಂದನ್ನು ಆ ಮೂಲೆಗೆ ಬಿಟ್ಟು ಕಳ್ಳನಿಗೆ ಚಳ್ಳೆಹಣ್ಣು ತಿನ್ನಿಸುವವನು ನಾನು. ನನ್ನ ಆ ವಿದ್ಯೆ ಇಲ್ಲಿ ದಂಡವಾಯಿತು. ಒಬ್ಬ ಅಜ್ಜಿ ಬಗ್ಗಿ ನಮಸ್ಕರಿಸಿ, ಇಬ್ಬರಿಗೂ ಪ್ಲಾಸ್ಟಿಕ್ ಚೀಲ ಕೊಟ್ಟು, ಚಪ್ಪಲಿಯನ್ನು ಅದರಲ್ಲಿ ಹಾಕಿ ಕೈಯಲ್ಲೇ ಹಿಡಿದುಕೊಂಡು ಹೋಗಿ ಎಂದು ಸನ್ನೆ ಮಾಡಿದರು.

ಒಳಗೆ ಮೆಟ್ಟಿಲುಗಳು ಅಟ್ಟದ ಏಣಿಯಷ್ಟು ಕಡಿದು. ವಿಮಲಳ ಮಂಡಿ ಆಪರೇಷನ್ ಆಗಿ ಇನ್ನೂ ವರ್ಷ ತುಂಬಿರಲಿಲ್ಲ.

“ನೀನು ಕೆಳಗೇ ಇರು ಕಣೇ” ಎಂದೆ.

“ಇಷ್ಟು ದೂರ ಬಂದು ಕೆಳಗೆ ಕೂತ್ಕೊಳಕ್ಕಾಗತ್ತೇನ್ರೀ? ಈ ಮಂಡಿ ತುದಿ ತನಕ ಹತ್ತಿಸಿಬಿಟ್ರೆ, ಮೊದಲು ಸಿಗೋ ದೇವರಿಗೆ ಕೈ ಮುಗೀತೀನಿ.”

ಒಂದೊಂದು ಮೆಟ್ಟಿಲಿಗೂ ನಿಂತು ಉಸಿರು ತೆಗೆದುಕೊಂಡು ಹತ್ತಿಯೇ ಹತ್ತಿದಳು. ತುದಿಯ ಅಂತಸ್ತಿನ ಕಿಟಕಿಯಾಚೆ ಊರೆಲ್ಲ ಕಾಲಡಿಯಲ್ಲಿತ್ತು. ಈಚೆ ತಿರುಗಿದರೆ, ನಿಜವಾಗಿಯೂ ಒಂದು ಪುಟ್ಟ ಗುಡಿ! ವಿಮಲಳ ಕಣ್ಣು ತುಂಬಿತು. ಕೈ ಜೋಡಿಸಲು ಹೋದಳು. ಕೈಯಲ್ಲಿ ಚಪ್ಪಲಿ!

“ಅಯ್ಯೋ ರಾಮ! ಇದನ್ನ ಹಿಡ್ಕೊಂಡು ಹೇಗ್ರೀ ಕೈ ಮುಗಿಯೋದು?”

“ಮೂಲೇಲಿಡು. ಇಲ್ಲಿ ಯಾರೂ ಕದಿಯಲ್ಲ.”

“ದೇವರ ಎದುರಿಗೆ ಚಪ್ಪಲಿ ಇಡೋದಾ? ಬುದ್ಧಿ ಇದೆಯಾ ನಿಮಗೆ?”

ಅವಳ ಚೀಲವನ್ನೂ ಕಸಿದುಕೊಂಡು, ‘ನೀನು ನಿಧಾನವಾಗಿ ಬಾ’ ಎಂದು ಇಳಿಯುವ ಮೆಟ್ಟಿಲಿಗೆ ಕಾಲಿಟ್ಟೆ. ಅದು ಒಮ್ಮುಖ ದಾರಿ. ಇಳಿದವನು ಮತ್ತೆ ಹತ್ತುವಂತಿಲ್ಲ. ನನಗೆ ಗುಡಿಯನ್ನು ಸರಿಯಾಗಿ ನೋಡಲೂ ಆಗಲಿಲ್ಲ. ಕೆಳಗಿನ ಅಂತಸ್ತಿನಲ್ಲಿ, ಕೋಟೆಯನ್ನೆಲ್ಲ ಹೊತ್ತ ಮಹಾಕಂಬದ ಪಕ್ಕ ನಿಂತೆ. ಶತಮಾನಗಳಿಂದ ನಿಂತ ಮರ, ಮುಟ್ಟಲೂ ಸಂಕೋಚವಾಯಿತು. ಅದನ್ನು ಕಡಿದವರು, ಹೊತ್ತು ತಂದವರು, ಎತ್ತಿ ನಿಲ್ಲಿಸಿದವರು ಎಂಥ ಜನವಪ್ಪ! ಬಾಯಿಗೆ ಒಂದು ದೂರೂ ಬರಲಿಲ್ಲ. ಸುಮ್ಮನೆ ನೋಡುತ್ತಾ ನಿಂತುಬಿಟ್ಟೆ.

ಕಂಬಿ ಹಿಡಿದು ವಿಮಲ ಇಳಿದು ಬಂದಳು. ಮುಖ ಅರಳಿತ್ತು.

“ನಿಮ್ಮ ಪರವಾಗೂ ಕೈ ಮುಗಿದೆ.”

“ಏನು ಬೇಡಿಕೊಂಡೆ?”

“ಈ ಕೋಟೇನ ಬಾಯ್ಮುಚ್ಕೊಂಡು ನೋಡ್ತಿದಾರಲ್ಲ, ಹಾಗೇ ನಾನು ಮಾಡಿದ್ದನ್ನೂ ತಿನ್ನಲಿ ಅಂತ.”

ದೇವರು ಶಕ್ತಿವಂತನೇ ಇರಬೇಕು. ಊರಿಗೆ ಮರಳಿದ್ದೇವೆ; ನಿನ್ನೆ ಮನೆಯ ಸಾರಿಗೆ ಉಪ್ಪೇ ಇರಲಿಲ್ಲ. ಎರಡು ಸಲ ಹಾಕಿಸಿಕೊಂಡು ಉಂಡೆ.