ಅತ್ತೆಗೆ ಬಂದ ಕೋರೆಹಲ್ಲು

"ಈ ರಾಕ್ಷಸಿನ್ನ ನೋಡಿದ ಹುಡುಗ್ರು ಹಾಸಿಗ್ಯಾಗ ಎದ್ದು ಕುಂತು ಚೀರಬೇಕು, ಅಂಥದ್ದು ಬರೀತೀನಿ!" ಎಂದು ಕೊಟ್ಟೂರಿನ ಕನಕರಾಜ ಒಂದು ಭಾನುವಾರ ಬೆಳಿಗ್ಗೆ ಘೋಷಿಸಿದ. ಕೇಳಿಸಿಕೊಳ್ಳಲು ಇದ್ದವಳು ಹೆಂಡತಿ ರೋಜಾ ಒಬ್ಬಳೇ. ಅಕ್ಕಿ ಆರಿಸುತ್ತಿದ್ದ ಅವಳು ಮೊರದಿಂದ ತಲೆ ಎತ್ತಲಿಲ್ಲ.

"ಅದಕ್ಕಿಂತ ಮೊದ್ಲು ಅವ್ವನ ಫೋಟೋ ದೊಡ್ಡದು ಮಾಡಿ ಕಟ್ಟು ಹಾಕಿಸ್ರಿ. ಅಕಿ ಹೋಗಿ ವರ್ಷಾತು, ಬರೋ ಆಯ್ತವಾರ ಎಡಿ ಇಡಬೇಕು."

"ಆತು ಬಿಡು. ಫೋಟೋ ಏನು ಓಡಿ ಹೋಗ್ತೈತಾ!"

ಓದುಗರು ಈ ಮಾತನ್ನು ನೆನಪಿಟ್ಟುಕೊಳ್ಳಬೇಕು. ಕನಕರಾಜನಂತೂ ಸಾಯುವ ತನಕ ಮರೆಯಲಾರ.

ಅವನದು ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಒಂದು ಫ್ಲೆಕ್ಸ್ ಅಂಗಡಿ. ಒಂದು ಕಾಲಕ್ಕೆ ಅವನು ಕುಂಚ ಹಿಡಿದು ಗೋಡೆ, ಲಾರಿ, ಅಂಗಡಿ ಬೋರ್ಡು ಯಾವುದನ್ನೂ ಬಿಡದೆ ಚಿತ್ರ ಬರೆದವನು. ಫ್ಲೆಕ್ಸ್ ಬಂತು, ಕುಂಚ ಅಟ್ಟ ಹತ್ತಿತು. ಈಗ ಅವನ ಕಲಾಸೇವೆ ಎರಡೇ ಬಗೆಯದು: ಹುಟ್ಟುಹಬ್ಬದ ಶುಭಾಶಯ ಮತ್ತು ಭಾವಪೂರ್ಣ ಶ್ರದ್ಧಾಂಜಲಿ. ಎರಡಕ್ಕೂ ಒಂದೇ ವಿದ್ಯೆ ಸಾಕು. ಬಂದ ಮುಖವನ್ನು ಬೆಳ್ಳಗೆ ಮಾಡು, ಸುಕ್ಕು ಅಳಿಸು, ತುಟಿಗೆ ಚೂರು ಕೆಂಪು ಹಚ್ಚು, ತಲೆಯ ಹಿಂದೆ ಬೆಳಕು ಬಿಡು. ಬದುಕಿದ್ದರೆ ಕೆಳಗೆ ಕೇಕು, ಸತ್ತಿದ್ದರೆ ದೀಪ! ಹನ್ನೊಂದು ವರ್ಷದಲ್ಲಿ ಅವನ ಕೈಯಿಂದ ಒಂದು ಗೆರೆಯೂ ಹೊಸದಾಗಿ ಹುಟ್ಟಿರಲಿಲ್ಲ. ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಸಂಜೆ ಅಂಗಡಿಯ ಬಾಗಿಲು ಎಳೆಯುವಾಗ ಅವನ ಮುಖ ನೋಡಿದವರು, ಯಾರಾದರೂ ತೀರಿಕೊಂಡರೇನೋ ಎಂದು ಕೇಳುವುದಿತ್ತು.

ಇಂಥವನ ಬಳಿಗೆ ಪಕ್ಕದ ಮನೆಯ ಮೇಘಾ ಬಂದಿದ್ದಳು. ಹರಪನಹಳ್ಳಿಯ ಕಾಲೇಜಿನಲ್ಲಿ ಕಂಪ್ಯೂಟರ್ ಓದುವ ಹುಡುಗಿ. ಕೊನೆಯ ವರ್ಷದ ಪ್ರಾಜೆಕ್ಟಿಗೆ ಅವಳೂ ಅವಳ ಮೂವರು ಗೆಳತಿಯರೂ ಸೇರಿ ಒಂದು ವಿಡಿಯೋ ಗೇಮ್ ಕಟ್ಟುತ್ತಿದ್ದರು. ಕೂಡ್ಲಿಗಿ ಕಡೆಯ ಬಂಡೆಗುಡ್ಡ, ಅಲ್ಲೊಂದು ಗವಿ, ಗವಿಯೊಳಗೆ ಕುರಿಮರಿ ಕದ್ದು ಕೂತ ರಾಕ್ಷಸಿ; ಅದನ್ನು ಬಿಡಿಸಿಕೊಳ್ಳಲು ಹೋಗುವ ಕುರಿ ಕಾಯುವ ಹುಡುಗಿ.

"ಕೋಡಿಂಗ್ ಎಲ್ಲ ನಾವು ಮಾಡ್ತೀವಿ ಅಣ್ಣಾ. ಹುಡುಗಿ ಚಿತ್ರನೂ ಆಗೈತಿ. ರಾಕ್ಷಸಿ ಬರಿಯಾಕ ನಿಮ್ಮನ್ನ ಬಿಟ್ರ ಯಾರೂ ಇಲ್ಲ" ಎಂದಳು ಮೇಘಾ.

ಆ ಕೊನೆಯ ಮಾತು ಕನಕರಾಜನ ನೆತ್ತಿಗೇರಿತು. ರಾಕ್ಷಸಿಯನ್ನು ಮುಂದಿನಿಂದ, ಪಕ್ಕದಿಂದ, ಹಿಂದಿನಿಂದ ಬರೆಯಬೇಕು. ಮೇಲೆ ಮೂರು ಚೌಕದಲ್ಲಿ ಮೂರು ಮುಖ: ಸಿಟ್ಟು, ಅಳು, ನಗು.

"ರಾಕ್ಷಸಿ ಯಾಕವ್ವಾ ನಗಬೇಕು?"

"ಕೊನಿಗೆ ಕುರಿಮರಿ ಬಿಟ್ಟುಕೊಟ್ಟು ನಗ್ತಾಳಣ್ಣ. ನಮ್ಮ ಕಥಿ ಇರೋದಾ ಅಲ್ಲಿ. ಸೋಮವಾರ ತೋರಿಸಬೇಕು, ಮರೀಬ್ಯಾಡ್ರಿ."

ಕನಕರಾಜ ಅಂದೇ ಶುರುಮಾಡಿದ. ಮೊದಲ ರಾಕ್ಷಸಿ ಕೈ ಮುಗಿದುಕೊಂಡು ಹುಟ್ಟಿದಳು! ಎರಡನೆಯವಳಿಗೆ ಕೊಂಬು ಬಂದವು, ಕೊಂಬಿನ ಹಿಂದೆ ಬೆಳಕೂ ಬಂತು. ಮೂರನೆಯವಳ ಕೆನ್ನೆಯಂತೂ ಬೆಣ್ಣೆ ಸವರಿದ ಹಾಗೆ ನುಣ್ಣಗಿತ್ತು. ವಿಕಾರ ಮಾಡಲು ಹೊರಟಲ್ಲೆಲ್ಲ ಕೈ ತಾನಾಗಿ ಸುಕ್ಕು ಅಳಿಸುತ್ತಿತ್ತು. ಮಂಗಳವಾರ ಮೇಘಾ ಬಂದು ಮೂವರನ್ನೂ ನೋಡಿದಳು.

"ಅಣ್ಣಾ, ಸಿಟ್ಟಾಗಬ್ಯಾಡ್ರಿ. ಇಕಿ ಮಹಿಳಾ ಸಂಘದ ಅಧ್ಯಕ್ಷಿ ಇದ್ದಂಗ ಅದಾಳ."

ಬುತ್ತಿ ತಂದಿದ್ದ ರೋಜಾಳೂ ಒಂದು ಸಲ ಬಗ್ಗಿ ನೋಡಿದಳು. "ಇಕಿ ಯಾವ ಸೀರಿ ಅಂಗಡಿಯಾಕಿ? ಅದಿರ್ಲಿ, ಅವ್ವನ ಫೋಟೋ ಎಲ್ಲಿಗೆ ಬಂತು?"

ಅಂಗಡಿಯಲ್ಲಿ ಒಬ್ಬನೇ ಉಳಿದ ಕನಕರಾಜನಿಗೆ ಅಳು ಬರುವುದೊಂದು ಬಾಕಿ. ಹನ್ನೊಂದು ವರ್ಷ ಕಂಡವರ ಮುಖ ತೊಳೆದೂ ತೊಳೆದೂ ತನ್ನ ಕೈಯ ಕಸುವೇ ತೊಳೆದುಹೋಯಿತೇ? ಒಂದು ರಾಕ್ಷಸಿಯನ್ನೂ ಹುಟ್ಟಿಸಲಾಗದವನು ಎಂಥ ಕಲಾವಿದ? ಹೀಗೆ ಕೊರಗುತ್ತ ಕೂತವನಿಗೆ ಬುಧವಾರ ಬೆಳಿಗ್ಗೆ ಥಟ್ಟನೆ ಹೊಳೆಯಿತು. ಭಯಂಕರ ಹೆಂಗಸಿನ ಮುಖಕ್ಕೆ ಎಲ್ಲೆಲ್ಲೋ ಯಾಕೆ ಹುಡುಕಬೇಕು? ಅತ್ತೆ ಇದ್ದಾಳಲ್ಲ!

ಚಿಗಟೇರಿಯ ಮೈಲಮ್ಮ, ರೋಜಾಳ ತಾಯಿ, ಬದುಕೆಲ್ಲ ಕುರಿಯ ಹಿಂದೆ ನಡೆದವಳು. ಮದುವೆಯಾದಾಗಿನಿಂದ ಅವಳು ಅಳಿಯನ ಮುಂದೆ ಒಂದು ದಿನವೂ ನಕ್ಕಿರಲಿಲ್ಲ. ಅವನು ಹೊಸಿಲು ದಾಟಿದ ಕೂಡಲೇ ತುಟಿ ಬಿಗಿದು, ಸೆರಗನ್ನು ಬಾಯಿಗೆ ಎಳೆದುಕೊಂಡು, ಹಟ್ಟಿಗೆ ಬಂದ ತೋಳವನ್ನು ನೋಡಿದ ಹಾಗೆ ನೋಡುವಳು. ಅವನೇನಾದರೂ ತಮಾಷೆ ಮಾಡಿದರೆ ರೊಟ್ಟಿಯ ತಾಟು ಅಲ್ಲೇ ಇಟ್ಟು ಸರಸರ ಒಳಗೆ ಹೋಗುವಳು. ಆಮೇಲೆ ಅಡುಗೆಮನೆಯಿಂದ ಹೆಂಗಸರ ನಗು ಕೇಳುತ್ತಿತ್ತು. ಬಣ್ಣ ಬಳಿಯುವವನೆಂದು ತನ್ನನ್ನು ಆಡಿಕೊಳ್ಳುತ್ತಾಳೆ ಎಂಬುದರಲ್ಲಿ ಅವನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಅವಳದೊಂದೇ ಫೋಟೋ ಇತ್ತು. ರೋಜಾಳ ಮೊಬೈಲಿನಲ್ಲಿ ಅದನ್ನು ಹೊಡೆದವನೂ ಕನಕರಾಜನೇ. "ನಗ್ರಿ ಅತ್ತಿ" ಎಂದು ಅವನು ಅಂದದ್ದಕ್ಕೆ ಅವಳು ತುಟಿಯನ್ನು ಇನ್ನಷ್ಟು ಬಿಗಿದು ಕಣ್ಣು ಕೆಕ್ಕರಿಸಿದ್ದಳು. ಮೊಬೈಲು ಆಮೇಲೆ ನೀರಿನ ಡ್ರಮ್ಮಿಗೆ ಬಿದ್ದು ಸತ್ತಿತು. ಅದೃಷ್ಟಕ್ಕೆ ಫೋಟೋ ಮೊದಲೇ ಅಂಗಡಿಯ ಕಂಪ್ಯೂಟರಿಗೆ ಬಂದು 'ಮೈಲಮ್ಮ' ಎಂಬ ಹೆಸರಲ್ಲಿ ಬೆಚ್ಚಗೆ ಕೂತಿತ್ತು. ಇನ್ನು ಆಧಾರ್ ಕಾರ್ಡಿನ ಚಿತ್ರದ ಮಾತು ಬೇಡ. ಅಲ್ಲಿ ಅವಳ ಬದಲು ಅವಳ ಟಗರು ಕೂತಿದ್ದರೂ ಯಾರಿಗೂ ತಿಳಿಯುತ್ತಿರಲಿಲ್ಲ.

ಕನಕರಾಜ ಫೋಟೋ ತೆರೆದ. ಆ ಕಣ್ಣು! ಆ ಹುಬ್ಬು! ಅವನೇನೂ ಮಾಡಬೇಕಾಗಿರಲಿಲ್ಲ. ಎರಡು ಕೊಂಬು ಏರಿಸಿದ, ಮೈಬಣ್ಣವನ್ನು ಬಂಡೆಯ ಬಣ್ಣಕ್ಕೆ ತಂದ, ಕೂದಲು ಕೆದರಿದ. ಬಿಗಿದ ತುಟಿಯ ಎರಡೂ ಬದಿಯಿಂದ ಒಂದೊಂದು ಕೋರೆಹಲ್ಲು ಹೊರಗೆ ಬಿಟ್ಟ. ಸುಕ್ಕುಗಳನ್ನು ಅಳಿಸದೆ ಒಂದೊಂದನ್ನೇ ನೋಡಿ ನೋಡಿ ಆಳ ಮಾಡಿದ. ಇಷ್ಟು ವರ್ಷದಲ್ಲಿ ಅವನು ಅತ್ತೆಯ ಮುಖವನ್ನು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು.

ಆ ಓಣಿಯ ಕರೆಂಟು ಹೇಳಿ ಹೋಗುವಂಥದ್ದಲ್ಲ. ಹಾಗಾಗಿ ಎರಡು ನಿಮಿಷಕ್ಕೊಮ್ಮೆ ಸೇವ್ ಮಾಡುವುದು ಕನಕರಾಜನ ಎಡಗೈಗೆ ಉಸಿರಾಟದಷ್ಟೇ ಅಭ್ಯಾಸ. ಬೇರೆ ದಿನವಾದರೆ ಮೂಲ ಫೋಟೋದ ಒಂದು ನಕಲು ಮಾಡಿಕೊಂಡೇ ಅವನು ಕೆಲಸಕ್ಕೆ ಕೈ ಹಾಕುತ್ತಿದ್ದ. ಇವತ್ತು ಹನ್ನೊಂದು ವರ್ಷದ ಹಸಿವು! ಎಡಗೈ ಸೇವ್ ಮಾಡುತ್ತಲೇ ಹೋಯಿತು. ಒಂದೊಂದು ಸೇವ್‌ಗೂ ಮೈಲಮ್ಮ ಒಂದೊಂದು ಹೆಜ್ಜೆ ಗವಿಯ ಕಡೆಗೆ ನಡೆದಳು. ಸಂಜೆ ಅವನು ಕಂಪ್ಯೂಟರ್ ಆರಿಸಿ, ಶಿಳ್ಳೆ ಹೊಡೆಯುತ್ತ ಮನೆಗೆ ಹೋದ.

ಗುರುವಾರ ಮೇಘಾ ಚಿತ್ರ ನೋಡಿ ಒಂದು ಹೆಜ್ಜೆ ಹಿಂದೆ ಸರಿದಳು. "ಅಯ್ಯಯ್ಯಪ್ಪ! ಇದಣ್ಣಾ ಬೇಕಾಗಿದ್ದು! ಸಿಟ್ಟು ಆತು. ಅಳುನೂ ಆತು. ನಗು ಮುಖ ಖಾಲಿ ಬಿಟ್ಟೀರಲ್ಲ?"

"ಇಕಿ ನಗೋ ಪೈಕಿ ಅಲ್ಲವ್ವ. ಎಷ್ಟು ತಿಣುಕಿದ್ರೂ ಬರವಲ್ದು."

"ನಗಲೇಬೇಕಣ್ಣ" ಎಂದು ಮೇಘಾ, ಆದಷ್ಟನ್ನೇ ಪೆನ್‌ಡ್ರೈವಿಗೆ ಹಾಕಿಕೊಂಡು ಹೋದಳು.

ಮಧ್ಯಾಹ್ನ ಬುತ್ತಿ ತಂದ ರೋಜಾ ಬುತ್ತಿ ಬಿಚ್ಚಲಿಲ್ಲ. "ಇವತ್ತು ನನ್ನ ಕಣ್ಣ ಮುಂದಾ ಅವ್ವನ ಫೋಟೋ ಪ್ರಿಂಟಿಗೆ ಹಾಕ್ರಿ" ಎಂದು ಸ್ಟೂಲಿನ ಮೇಲೆ ಕೂತಳು.

"ಅದ್ಯಾವ ದೊಡ್ಡ ಕೆಲಸ!" ಎಂದು ಕನಕರಾಜ 'ಮೈಲಮ್ಮ' ಒತ್ತಿದ. ಪರದೆಯ ತುಂಬ ಕೋರೆಹಲ್ಲು ತುಂಬಿಕೊಂಡಿತು. ಮೂಲ ಫೋಟೋದ ಮೇಲೇ ರಾಕ್ಷಸಿ ಸೇವ್ ಆಗಿ ಕೂತಿದ್ದಳು. ಪಟ್ಟನೆ ಮಾನಿಟರ್ ಆರಿಸಿ, "ಥೂ, ಕರೆಂಟ್ ಹೋತು ನೋಡು!" ಎಂದ.

"ಫ್ಯಾನ್ ತಿರಗಾಕತ್ತೈತಲ್ರೀ?"

"ಅದು... ಬ್ಯಾರೆ ಲೈನು. ನೀ ಹೋಗು, ಸಂಜಿಗೆ ಮಾಡ್ತೀನಿ."

ರೋಜಾ ತಲೆಯ ಮೇಲಿನ ಫ್ಯಾನನ್ನೂ ಗಂಡನನ್ನೂ ಒಂದು ಸಲ ನೋಡಿ ಎದ್ದು ಹೋದಳು. ಕನಕರಾಜ ಕಂಪ್ಯೂಟರಿನ ಮೂಲೆ ಮೂಲೆ ಜಾಲಾಡಿದ. ಹಳೆಯ ಪೆನ್‌ಡ್ರೈವುಗಳನ್ನೆಲ್ಲ ಚುಚ್ಚಿ ನೋಡಿದ. ತೀರಿಹೋದ ಇಡೀ ತಾಲ್ಲೂಕು ಅವುಗಳಲ್ಲಿತ್ತು, ಮೈಲಮ್ಮ ಇರಲಿಲ್ಲ. ಚಿಗಟೇರಿಯಲ್ಲಿರುವ ರೋಜಾಳ ತಮ್ಮ ಪಾಲಾಕ್ಷಪ್ಪನಿಗೆ ಫೋನು ಹಚ್ಚಿ, ಸುಮ್ಮನೆ ಕೇಳುವವನ ಹಾಗೆ ಕೇಳಿದ.

"ನಿಮ್ಮತ್ರ ಅತ್ತಿ ಫೋಟೋ ಯಾವದರ ಐತೇನ್ರಿ?"

"ನಮ್ಮತ್ರ ಎಲ್ಲಿಂದ ಬರಬೇಕು ಮಾವಾ? ಇರೋದೊಂದು ನಿಮ್ಮ ಅಂಗಡ್ಯಾಗ ಭದ್ರ ಐತಿ ಅಂತ ನಾವೆಲ್ಲ ನಿಶ್ಚಿಂತಿ ಅದೀವಿ!"

ಇನ್ನು ಉಳಿದದ್ದು ಒಂದೇ ದಾರಿ. ರಾಕ್ಷಸಿಯನ್ನು ಹಿಡಿದು ಹಿಂದಕ್ಕೆ ನಡೆಸಿ ಮತ್ತೆ ಅತ್ತೆ ಮಾಡಬೇಕು! ಕನಕರಾಜ ಕೊಂಬು ಕಿತ್ತ, ಕೋರೆಹಲ್ಲು ಕಿತ್ತ, ಕೂದಲು ಬಾಚಿದ, ಬಂಡೆಯ ಬಣ್ಣ ತೊಳೆದ. ತೊಳೆಯುವ ಕೆಲಸವೆಂದರೆ ಕೈ ಕೇಳಬೇಕೇ? ಹಳೆಯ ಹುಮ್ಮಸ್ಸಿನಲ್ಲಿ ಓಡಿತು. ಶುಕ್ರವಾರ ಮಧ್ಯಾಹ್ನ ಪ್ರಿಂಟು ಹೊರಗೆ ಬಂದಾಗ ಅದರಲ್ಲಿ ಒಬ್ಬ ಬೆಳ್ಳನೆಯ, ತುಂಬುಗೆನ್ನೆಯ, ಕುರಿಯನ್ನು ದೂರದಿಂದಲೂ ಕಂಡಿರದ ಹೆಂಗಸಿದ್ದಳು.

ರೋಜಾ ಅದನ್ನು ಹಿಡಿದು ಬಹಳ ಹೊತ್ತು ನೋಡಿದಳು. "ಇವರ್ಯಾರ್ರಿ?"

"ಅತ್ತಿ. ಸ್ವಲ್ಪ ಕ್ಲೀನ್ ಮಾಡೀನಿ."

"ನಮ್ಮವ್ವನ ಎಲ್ಲಿ ಒಗದ್ರಿ?"

ಕನಕರಾಜ ಬಾಯಿ ತೆರೆಯುವಷ್ಟರಲ್ಲಿ ಮೇಘಾ ಓಡುತ್ತ ಬಂದಳು. ಅವಳ ಕೈಯಲ್ಲಿ ದೊಡ್ಡ ಹಾಳೆಯಲ್ಲಿ ಅಚ್ಚಾದ ರಾಕ್ಷಸಿ! "ಅಕ್ಕಾ, ನೋಡ್ರಿ ಅಣ್ಣನ ಕೈಚಳಕ! ನಮ್ಮ ಸರು ಬೆವತು ಹೋದ್ರು!"

ಕನಕರಾಜ ಗೋಡೆಗೆ ಆತು ನಿಂತ. ಈಗ ಬರುವುದು ಬರಲಿ ಎಂದು ಎಲ್ಲವನ್ನೂ ಒಪ್ಪಿಕೊಂಡ. ಫೋಟೋ ಮತ್ತೆ ಸಿಗುವುದಿಲ್ಲ ಎಂಬ ಮಾತನ್ನು ಮಾತ್ರ ಫ್ಯಾನಿನ ಕಡೆ ನೋಡುತ್ತ ಹೇಳಿದ. ಮೇಘಾ ಕಣ್ಣು ಕೆಳಗೆ ಹಾಕಿದಳು.

ರೋಜಾ ರಾಕ್ಷಸಿಯ ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು ಹುಬ್ಬಿನ ಮೇಲೆ ಬೆರಳಾಡಿಸಿದಳು. ಬೆರಳು ಕೋರೆಹಲ್ಲಿಗೆ ಬಂದು ನಿಂತಿತು.

"ಈ ಹಲ್ಲು ನಿಮಗ್ಯಾರು ಹೇಳಿಕೊಟ್ರು?"

"ಯಾರು ಹೇಳ್ತಾರ? ರಾಕ್ಷಸಿ ಅಂದಮ್ಯಾಲ ಹಲ್ಲು ಇರಾದ ಬ್ಯಾಡನ?"

ರೋಜಾ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ತಾಯಿ ಸತ್ತ ದಿನವೂ ಅವಳು ಹಾಗೆ ಅತ್ತದ್ದನ್ನು ಕನಕರಾಜ ಕಂಡಿರಲಿಲ್ಲ. ತನ್ನ ಕಲೆಯ ಹುಚ್ಚಿಗೆ ಬೆಂಕಿ ಬೀಳಲಿ ಅನ್ನಿಸಿತು. ಅವಳು ಮುಖ ಒರೆಸಿಕೊಂಡು, "ಕಂಪ್ಯೂಟರ್ ಮುಚ್ರಿ. ಕೈಲೆ ಬರೀರಿ. ನಾ ಹೇಳ್ತೀನಿ" ಎಂದಳು.

ಶನಿವಾರ ಇಡೀ ದಿನ ಮನೆಯ ಪಡಸಾಲೆಯಲ್ಲಿ ಕೂತು ಕನಕರಾಜ ಇದ್ದಿಲು ಹಿಡಿದು ಬರೆದ. "ಹುಬ್ಬು ಅಷ್ಟು ಮ್ಯಾಲಿಲ್ಲ. ಕಣ್ಣಿನ ಕೆಳಗ ಬಿಸಲಿನ ಗೆರಿ ಇರ್ತಿದ್ವು. ಕಿವಿ ಜೋತು ಬಿದ್ದಿದ್ವು, ವಾಲಿ ಭಾರಕ್ಕ" ಎಂದು ರೋಜಾ ಹೇಳುತ್ತ ಹೋದಳು. ಅವನು ಅಳಿಸಿದ, ಮತ್ತೆ ಬರೆದ. ತುಟಿಗೆ ಬಂದಾಗ ರೋಜಾ ಅವನ ಕೈ ಹಿಡಿದು ನಿಲ್ಲಿಸಿದಳು.

"ಬಾಯಿ ಮುಚ್ಚಿದಂಗಾ ಇರ್ಲಿ. ಅವ್ವಗ ಹಂಗಾ ಬೇಕಿತ್ತು."

ಭಾನುವಾರ ಚಿಗಟೇರಿಯ ಮನೆಯಲ್ಲಿ ಕಂಬಳಿ ಹಾಸಿ, ಅರಿಸಿನದ ಭಂಡಾರ ಇಟ್ಟು, ಚಿತ್ರದ ಮುಂದೆ ಹೋಳಿಗೆಯ ಎಡೆ ಇಟ್ಟರು. ಮೈಲಮ್ಮನ ತಂಗಿ ದ್ಯಾಮಕ್ಕ ಕೋಲೂರಿಕೊಂಡು ಬಂದಳು. ಚಿತ್ರದ ಹತ್ತಿರ ಹೋಗಿ, ಕಣ್ಣು ಕಿರಿದು ಮಾಡಿ ನೋಡಿದಳು.

"ಹಂಗಾ ಅದಾಳ ನಮ್ಮಕ್ಕ. ಹಂಗಾ ಕುಂತಾಳ."

ಹನ್ನೊಂದು ವರ್ಷದ ಮೇಲೆ ಕನಕರಾಜನ ಎದೆ ಉಬ್ಬಿತು! ಆದರೆ ದ್ಯಾಮಕ್ಕ ಅಲ್ಲಿಂದ ಕದಲಲಿಲ್ಲ.

"ಆದ್ರ ಅಳಿಯಪ್ಪಾ, ಹಲ್ಲು ಎಲ್ಲಿ?"

"ಯಾವ ಹಲ್ಲ್ರಿ?"

"ಈ ಕಡಿ ಒಂದು, ಆ ಕಡಿ ಒಂದು, ಹೊರಗ ಚಾಚಿದ್ವಲ್ಲ. ನಕ್ಕರ ಇಡೀ ಓಣಿಗೆ ಕಾಣ್ತಿದ್ವು."

"ಅತ್ತಿ ನಗ್ತಿದ್ರಾ?"

"ನಗ್ತಿದ್ರಾ ಅಂತಾನ ನೋಡು! ನಿನ್ನ ಮಾತು ಅಂದ್ರ ಆಕಿಗೆ ಪ್ರಾಣ. ನೀ ಏನರ ಅಂದ್ರ ಒಳಗ ಓಡಿ ಬಂದು, ಕೋಣಿ ಬಾಗ್ಲ ಮುಚ್ಚಿಕೆಂಡು, ಹೊಟ್ಟಿ ಹಿಡಕಂಡು ನಗಾಕಿ. ನಿನ್ನ ಮುಂದ ಮಾತ್ರ ಬಾಯಿ ಬಿಡ್ತಿದ್ದಿಲ್ಲ."

"ಯಾಕ?"

"ಅಳಿಯ ಚಿತ್ರ ಬರಿಯೋನು, ಈ ಹಲ್ಲು ಕಂಡ್ರ ನನ್ನ ರಾಕ್ಷಸಿ ಮಾಡಿಬಿಟ್ಟಾನು ಅಂತಿದ್ಲು."

ಕನಕರಾಜ ಚಿತ್ರದ ಕಡೆ ನೋಡಿದ. ಬಿಗಿದ ತುಟಿಯ ಹಿಂದೆ ಇಷ್ಟು ವರ್ಷದ ನಗು ಕೂತಿತ್ತು. ಮೇಘಾಳ ಹಾಳೆಯ ಮೂರನೆಯ ಚೌಕದಲ್ಲಿ ಏನು ಬರೆಯಬೇಕೆಂದು ಈಗ ಅವನಿಗೆ ಗೊತ್ತಾಯಿತು. ಅತ್ತೆಯನ್ನೇ ಕೇಳಿ ಬರೆಯೋಣವೆಂದರೆ ಅವಳಿರಲಿಲ್ಲ. ಹೋಳಿಗೆಯ ತಾಟು ಹಿಡಿದು ಬಂದ ರೋಜಾ ಅವನ ಪಕ್ಕ ನಿಂತಳು. ಎರಡು ದಿನದ ಮೇಲೆ ಅವಳ ತುಟಿ ಮೊದಲ ಸಲ ಸ್ವಲ್ಪ ಸಡಿಲವಾಗಿತ್ತು.

"ಅವ್ವಗ ಮೊದ್ಲಾ ಗೊತ್ತಿತ್ತು ನೋಡ್ರಿ" ಎಂದಳು.

ಕನಕರಾಜ ಹೆಗಲ ಮೇಲಿನ ಟವೆಲ್ಲನ್ನು ಬಾಯಿಗೆ ಅಡ್ಡ ಹಿಡಿದುಕೊಂಡು, ಅತ್ತೆಯ ಮುಂದೆ ತುಟಿ ಬಿಗಿದು ಕೂತ.