ಸೆರಗಿನೊಳಗಿನ ರಾಜಕುಮಾರ

ತಾಯಿಯಾದವಳ ಮೈಯಲ್ಲಿ ಅವಳದೇ ಅಂತ ಉಳಿಯುವುದು ಬಹಳ ಕಡಿಮೆ. ಕೈ ಮಕ್ಕಳದು, ಬೆನ್ನು ಒಲೆಕಟ್ಟೆಯದು, ಕಾಲು ಬಸ್‌ಸ್ಟ್ಯಾಂಡಿನದು, ಗಂಟಲು ಶಾಲೆಯದು. ಕಿವಿಗಳಾದರೂ ನನ್ನವಿರಬಹುದು ಅಂದುಕೊಂಡಿದ್ದೆ. ಅಲ್ಲಿಯೂ ಎಡಗಿವಿಯನ್ನು ಕುಕ್ಕರಿನ ಸೀಟಿ, ನಳಕ್ಕೆ ನೀರು ಬಂದ ಸದ್ದು, "ಅವ್ವಾ, ನನ್ನ ಇನ್ನೊಂದ್ ಸಾಕ್ಸ್ ಎಲ್ಲದ?" ಎಂಬ ದಿನನಿತ್ಯದ ಕೂಗು ಎಲ್ಲ ಸೇರಿ ಎಂದೋ ಹಂಚಿಕೊಂಡುಬಿಟ್ಟಿದ್ದವು. ಉಳಿದದ್ದು ಬಲಗಿವಿ ಒಂದೇ. ಅದನ್ನು ನಾನು ಹೋದ ವರ್ಷ ಒಬ್ಬ ರಾಜಕುಮಾರನಿಗೆ ಕೊಟ್ಟೆ. ಇದರಲ್ಲಿ ಮುಚ್ಚಿಡುವಂಥದ್ದೇನೂ ಈಗ ಉಳಿದಿಲ್ಲ, ಬೀಗರಿಗೆ ನೆಂಟರಿಗೆ ಎಲ್ಲರಿಗೂ ಗೊತ್ತಾಗಿ ಹೋಗಿದೆ.

ನಾವಿರುವುದು ವಾಡಿಯಲ್ಲಿ. ನಮ್ಮ ಮನೆಯವರು ರೈಲ್ವೆಯಲ್ಲಿದ್ದಾರೆ, ನಾನು ಚಿತ್ತಾಪುರದ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಇಬ್ಬರು ಮಕ್ಕಳು, ಜೊತೆಗೆ ನಮ್ಮತ್ತೆ. ಓದುವ ಹುಚ್ಚು ನನಗೆ ಮದುವೆಗೆ ಮುಂಚಿನಿಂದಲೂ ಇತ್ತು. ಆದರೆ ಪುಸ್ತಕ ಓದಲು ಕೈ ಬೇಕು, ಕಣ್ಣು ಬೇಕು, ಕೂಡಲು ಒಂದು ಜಾಗ ಬೇಕು, ಕೂತ ಮೇಲೆ ಯಾರೂ ಎಬ್ಬಿಸಬಾರದು. ದೀಪಾವಳಿ ವಿಶೇಷಾಂಕಗಳು ಟೀವಿಯ ಕೆಳಗೆ ಯುಗಾದಿಯವರೆಗೂ ಹೊಸದಾಗಿಯೇ ಇರುವುದನ್ನು ನೋಡಿ ನೋಡಿ ನನಗೆ ಹೊಟ್ಟೆ ಉರಿಯುತ್ತಿತ್ತು. ನಮ್ಮ ಶಾಲೆಯ ಹಿಂದಿ ಟೀಚರಿಗೆ ನನ್ನ ಗೋಳು ಕೇಳಿ ಸಾಕಾಗಿ, "ಮೇಡಂ, ಓದೂದು ಬಿಡ್ರಿ, ಕೇಳ್ರಿ" ಎಂದು ನನ್ನ ಫೋನಿನಲ್ಲಿ ಒಂದು ಹಿಂದಿ ಕಥೆ ಹಾಕಿಕೊಟ್ಟರು. ಅರವತ್ತು ಗಂಟೆಗೂ ಮಿಕ್ಕಿದ ಕಥೆ! ಮೊದಲು ಎದೆ ಝಲ್ಲೆಂದಿತು. ಆಮೇಲೆ ರೊಟ್ಟಿ ಬಡಿಯುವ ಹೊತ್ತು, ಪಾತ್ರೆ ತೊಳೆಯುವ ಹೊತ್ತು, ಬಸ್ಸಿನ ಹಾದಿ ಕಾಯುವ ಹೊತ್ತು ಎಲ್ಲ ಕೂಡಿಸಿದರೆ ನನ್ನ ಆಯುಷ್ಯದಲ್ಲಿ ಇಂಥವು ಬೇಕಾದಷ್ಟು ಹಿಡಿಯುತ್ತವೆ ಅನಿಸಿ ಧೈರ್ಯ ಬಂತು.

ಕಥೆ ಒಬ್ಬ ರಾಜಕುಮಾರನದು. ಒಬ್ಬ ಮಾಟಗಾತಿ ಅವನ ನೆರಳನ್ನು ಕದ್ದುಬಿಟ್ಟಿದ್ದಾಳೆ. ನೆರಳಿಲ್ಲದ ಕಾರಣ ಅವನು ಬಿಸಿಲಿಗೆ ಕಾಲಿಟ್ಟರೆ ಸುಟ್ಟು ಬೂದಿಯಾಗುತ್ತಾನೆ. ಬೇರೆ ಊರಿನವರಿಗೆ ಇದು ಶಾಪ ಅನಿಸೀತು. ನಮ್ಮ ಕಡೆ ಬೇಸಿಗೆಯಲ್ಲಿ ಎಲ್ಲರ ಪರಿಸ್ಥಿತಿಯೂ ಅದೇ ಆದ್ದರಿಂದ ಅವನ ಕಷ್ಟ ನನಗೆ ಮೊದಲ ದಿನವೇ ಅರ್ಥವಾಯಿತು. ಅರಮನೆಯಲ್ಲಿ ದೀಪ ಹಚ್ಚುವ ಒಬ್ಬ ಬಡ ಹುಡುಗಿಯ ಮೇಲೆ ಅವನಿಗೆ ಮನಸ್ಸು. ಓದಿ ಹೇಳುವವನ ದನಿಯೋ, ಏನು ಹೇಳಲಿ, ಬೆಲ್ಲದ ಪಾಕ. ಅವನು "ಪ್ರಿಯೇ" ಅಂದಾಗಲೆಲ್ಲ ನಾನು ಹಿಟ್ಟಿಗೆ ನೀರು ಹೆಚ್ಚು ಹಾಕುತ್ತಿದ್ದೆ. ಹದಿನಾಲ್ಕು ವರ್ಷದ ಸಂಸಾರದಲ್ಲಿ ನಮ್ಮ ಮನೆಯವರು ನನ್ನನ್ನು ಕರೆಯುವುದು "ಏ, ಇಲ್ಲಿ ಕೇಳ" ಎಂದು.

ತೊಂದರೆ ಒಂದೇ. ಇಂಥ ಕಥೆಯಲ್ಲಿ ಮುದ್ದು ಮಾತು ಬಹಳ. ಅತ್ತೆಯ ಎದುರು ಕಿವಿಗೆ ವೈರು ಹಾಕಿಕೊಂಡು ಅದನ್ನೆಲ್ಲ ಕೇಳುವುದು ಹೇಗೆ? ಹಾಗಾಗಿ ನಾನು ತಲೆಯ ಮೇಲೆ ಸೆರಗು ಹೊದೆಯಲು ಶುರು ಮಾಡಿದೆ. ಮದುವೆಯಾದ ಹೊಸದರಲ್ಲಿ ನಮ್ಮತ್ತೆ "ಹಿರ್ಯಾರು ಬಂದಾಗರೆ ಜರಾ ಸೆರಗ ಹೊದಕೋ ಯವ್ವಾ" ಎಂದು ಮೆಲ್ಲಗೆ ಹೇಳಿದ್ದಾಗ ನಾನು ಸಮಾನತೆಯ ಬಗ್ಗೆ ಪಾಠ ಮಾಡಿದ್ದೆ. ಪಾಪ, ಆಮೇಲೆ ಅವರು ಆ ಮಾತೇ ಎತ್ತಿರಲಿಲ್ಲ. ಈಗ ಸೊಸೆ ತಾನಾಗಿ ನಸುಕಿನಲ್ಲೇ ಸೆರಗು ಹೊದ್ದು ಒಲೆಯ ಮುಂದೆ ನಿಲ್ಲುವುದನ್ನು ನೋಡಿ ಅವರಿಗೆ ಹಿಗ್ಗೋ ಹಿಗ್ಗು. ಓಣಿಯಲ್ಲೆಲ್ಲ ಹೇಳಿ ಬಂದರು. ಆದರೆ ನಮ್ಮತ್ತೆ ಚಿಮ್ಮನಚೋಡದ ಕಡೆಯವರು, ಬರಿಯ ಹಿಗ್ಗಿಗೆ ಮರುಳಾಗುವ ಪೈಕಿಯಲ್ಲ. ಕೆಲವೇ ದಿನಗಳಲ್ಲಿ ಅವರ ತಲೆಯಲ್ಲಿ ಪ್ರಶ್ನೆ ಎದ್ದಿತು: ಕೇಳಿದಾಗ ಹೊದೆಯದವಳು ಈಗ ಕೇಳದೆ ಯಾಕೆ ಹೊದ್ದಳು? ಮುಖ ಮುಚ್ಚಿಕೊಳ್ಳುವಂಥದ್ದು ಏನಾಗಿದೆ?

ಆಮೇಲೆ ಅವರು ನನ್ನನ್ನು ಗಮನಿಸತೊಡಗಿದರು. ನಾನು ಸುಮ್ಮಸುಮ್ಮನೆ ನಗುತ್ತಿದ್ದೆ, ಮುಖ ಕೆಂಪಾಗುತ್ತಿತ್ತು, ಕರೆದರೆ ಒಂದೇ ಕೂಗಿಗೆ ಓಗೊಡುತ್ತಿರಲಿಲ್ಲ, ಒಮ್ಮೊಮ್ಮೆ ಕಣ್ಣು ಒರೆಸಿಕೊಳ್ಳುತ್ತಿದ್ದೆ. ಅವರು ಉಪ್ಪು ಮೆಣಸಿನಕಾಯಿ ಇಳಿಸಿ ದೃಷ್ಟಿ ತೆಗೆದರು. ಮಕ್ಕಳಿಗೆ ತೆಗೆಯುವಾಗ ನನಗೂ ಸೇರಿಸಿದರು ಅಂದುಕೊಂಡೆ. ಮರುದಿನ "ನೀ ಕುಂದ್ರು, ಇವತ್ತ ನಾ ಪಲ್ಯ ಮಾಡ್ತೀನಿ" ಅಂದರು. ಅದರ ಮರುದಿನ ನಮ್ಮ ಮನೆಯವರು ತಾವಾಗಿಯೇ ನಳದ ನೀರು ತುಂಬಿದರು, ಮಗಳ ಜಡೆ ಹಾಕಲು ಹೋಗಿ ಗಂಟು ಮಾಡಿದರು. ನನಗೋ ಪರಮಾನಂದ. ದುಡಿದದ್ದು ಇಷ್ಟು ವರ್ಷಕ್ಕೆ ಇವರ ಕಣ್ಣಿಗೆ ಬಿತ್ತಲ್ಲ ಅಂದುಕೊಂಡೆ. ಹೊತ್ತು ಉಳಿದಷ್ಟೂ ಕಥೆ ಹೆಚ್ಚು ಕೇಳಿದೆ, ಕಥೆ ಕೇಳಿದಷ್ಟೂ ಹೆಚ್ಚು ಅಳುತ್ತ ಕಣ್ಣು ಒರೆಸಿದೆ, ಅದನ್ನು ನೋಡಿದಷ್ಟೂ ಅವರು ನನ್ನನ್ನು ಹೂವಿನಂತೆ ನೋಡಿಕೊಂಡರು. ಇಂಥ ಸುಖ ಬಹಳ ದಿನ ನಡೆಯುವುದಿಲ್ಲ ಎಂಬುದು ನನಗೆ ಹೊಳೆಯಬೇಕಿತ್ತು.

ಒಂದು ಗುರುವಾರ ಬೆಳಿಗ್ಗೆ ರಾಜಕುಮಾರ ಸತ್ತ. ಹುಡುಗಿಯನ್ನು ಉಳಿಸಲು ಹೋಗಿ, ಇನ್ನೇನು ಬೆಳಗಾಗಬೇಕು ಅನ್ನುವಾಗ, ಮಂಜು ತುಂಬಿದ ಕಂದರಕ್ಕೆ ಹಾರಿಬಿಟ್ಟ. ನನಗೆ ದುಃಖ ತಡೆಯಲಾಗಲಿಲ್ಲ. ಹಂಚಿನ ಮೇಲೆ ರೊಟ್ಟಿ ಕರಕಾಗುತ್ತಿದ್ದರೂ ಗೊತ್ತಾಗದೆ, ಸೆರಗು ಬಾಯಿಗೆ ಒತ್ತಿಕೊಂಡು ಬಿಕ್ಕಿಬಿಕ್ಕಿ ಅಳುತ್ತ ನಿಂತೆ. ತಿರುಗಿದರೆ ಬಾಗಿಲಲ್ಲಿ ನಮ್ಮತ್ತೆ. ಅವರು ಬಂದು ಕರಕು ರೊಟ್ಟಿಯನ್ನು ಹಂಚಿನಿಂದ ತೆಗೆದಿಟ್ಟರು. ನಾನು ಶಾಲೆಗೆ ಹೋದ ಮೇಲೆ ಕಾಳಗಿಗೆ, ನನ್ನ ತವರುಮನೆಗೆ, ಫೋನು ಹಚ್ಚಿದರು.

ಭಾನುವಾರ ನಮ್ಮವ್ವನನ್ನು ಗಾಡಿಯ ಹಿಂದೆ ಕೂರಿಸಿಕೊಂಡು ನನ್ನ ತಮ್ಮ ಬಂದಿಳಿದ. ಹಬ್ಬವಿಲ್ಲ, ಹುಣ್ಣಿಮೆಯಿಲ್ಲ. ಕೈಯಲ್ಲಿ ಒಂದು ಚೀಲ ತೊಗರಿಬೇಳೆ, ಮುಖದಲ್ಲಿ ಪೊಲೀಸರ ಗತ್ತು. ಚಹಾ ಕೊಟ್ಟರೆ "ಆಮ್ಯಾಲ ಕುಡೀತೀನಿ" ಅಂದ. ನಮ್ಮ ಕಡೆ ಬೀಗರ ಮನೆಯಲ್ಲಿ ಚಹಾ ಕುಡಿಯಲಿಲ್ಲ ಅಂದರೆ ಜಗಳಕ್ಕೇ ಬಂದಿದ್ದಾರೆ ಎಂದರ್ಥ. ಪಡಸಾಲೆಯಲ್ಲಿ ಎಲ್ಲರೂ ಕೂತರು. ನಮ್ಮತ್ತೆ ಮಗನ ಪಕ್ಕ ಕೂರದೆ ನಮ್ಮವ್ವನ ಪಕ್ಕ ಕೂತು, "ಬೀಗರೆ, ನನ್ನ ಮಗನ ತಪ್ಪಿದ್ರ ನಾನೇ ಅವನ ಕಿವಿ ಹಿಂಡ್ತೀನಿ. ಈ ಹುಡುಗಿ ಒಂದೇ ಸವನೆ ಅಳಾಕತ್ತಾಳ. ಬಾಯಿ ಬಿಡವಲ್ಲಳು" ಅಂದರು. ಅವರ ಕಣ್ಣಲ್ಲಿ ನೀರಿತ್ತು. ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು.

"ಮಾವಾರ, ನೀವಾರೆ ಹೇಳ್ರಿ, ಏನಾಗ್ಯಾದ?" ಎಂದ ತಮ್ಮ.

ನಮ್ಮ ಮನೆಯವರಿಗೆ ಏನೂ ಗೊತ್ತಿಲ್ಲ. ಆದರೆ ಇಷ್ಟು ಜನ ನೋಡುತ್ತ ಕೂತಾಗ ಏನಾದರೂ ಒಪ್ಪಿಕೊಳ್ಳಲೇಬೇಕು ಅನಿಸಿತೋ ಏನೋ, ಗಂಟಲು ಸರಿಮಾಡಿಕೊಂಡರು. "ನಾ ದಿನಾ ಸ್ಟೇಷನ್ ಮುಂದ ಮಿರ್ಚಿಭಜಿ ತಿಂದು ಬಂದು ಮನ್ಯಾಗ ಹಸಿವಿಲ್ಲ ಅಂತೀನಿ. ಅದು ಆಕಿಗಿ ಗೊತ್ತಾಗಿರಬೇಕು" ಅಂದರು. ಯಾರೂ ಅಲ್ಲಾಡಲಿಲ್ಲ. "ಮಿಕ್ಸರಿನ ಜಾರ್ ಒಡದದ್ದು ಹುಡುಗ ಅಲ್ಲ, ನಾನೇ" ಅಂದರು. ಪಾಪದ ಮನುಷ್ಯ ಬೆವರು ಒರೆಸಿಕೊಂಡು, "ಆಕಿ ಸಣ್ಣವ್ವನ ಮಗಳ ಲಗ್ನಕ್ಕ ರಜಾ ಸಿಗಲಿಲ್ಲ ಅಂದಿದ್ದೆ. ಸಿಕ್ಕಿತ್ತು" ಅಂದರು.

"ಅದಕ್ಕ ಅಳಾಕತ್ತಿದ್ದೇನಕ್ಕಾ?" ತಮ್ಮ ಕೇಳಿದ.

"ಇಲ್ಲ, ಅದು ನನಗ ಈಗ ಗೊತ್ತಾತು" ಎಂದೆ, ಹಲ್ಲು ಕಚ್ಚಿ. ನಿಜ ಹೇಳಬೇಕೆಂದರೆ, ಇನ್ನೂ ಸ್ವಲ್ಪ ಹೊತ್ತು ಸುಮ್ಮನಿದ್ದರೆ ಇನ್ನೇನೇನು ಹೊರಬೀಳುತ್ತದೋ ನೋಡೋಣ ಎಂಬ ಆಸೆ ನನಗಿತ್ತು. ಅಷ್ಟರಲ್ಲಿ ನಮ್ಮವ್ವ ಎದ್ದು, "ಬಟ್ಟಿ ತಗೊಂಡ್ ನಡಿ ಮಗಳ, ನಾಕ ದಿನ ಮನ್ಯಾಗ ಇರು" ಅಂದಳು. ಗಂಡನ ಮುಖ ಸುಣ್ಣದಂತೆ ಬಿಳಿಚಿತು. ಮಗ ಬಂದು ನನ್ನ ಸೀರೆ ಹಿಡಿದುಕೊಂಡ. ಇನ್ನು ತಡೆಯುವುದು ಅನ್ಯಾಯ ಅನಿಸಿತು.

"ಇವ್ರದೇನೂ ತಪ್ಪಿಲ್ಲ. ಅವ ಸತ್ತ, ಅದಕ್ಕ ಅತ್ತೀನಿ" ಎಂದೆ.

"ಯಾರವ?" ನಾಲ್ಕೂ ಬಾಯಿ ಒಟ್ಟಿಗೆ ಕೇಳಿದವು. ನಮ್ಮ ಮನೆಯವರದು ಸ್ವಲ್ಪ ಜೋರಾಗಿಯೇ ಇತ್ತು.

ಬೇರೆ ದಾರಿಯಿಲ್ಲದೆ ಫೋನು ತಂದು, ವೈರು ತೋರಿಸಿ, ನೆರಳು ಕಳ್ಳತನವಾದಲ್ಲಿಂದ ಕಂದರದವರೆಗೆ ಎಲ್ಲ ಹೇಳಿದೆ. ಹೇಳುತ್ತ ಹೇಳುತ್ತ ಕೊನೆಗೆ ಮತ್ತೆ ಕಣ್ಣು ತುಂಬಿಬಂತು. ತಮ್ಮ ನನ್ನನ್ನು ನೋಡಿದ, ಚೀಲವನ್ನು ನೋಡಿದ, "ಯಕ್ಕಾ, ಹೊಲದಾಗ ಆಳು ಬಿಟ್ಟು ಬಂದೀನಿ ನಾನು" ಎಂದು ತಲೆ ಹಿಡಿದುಕೊಂಡ. ನಮ್ಮವ್ವ ನಾಚಿಕೆಯಿಂದ ಬೀಗರ ಕಡೆ ನೋಡಲಿಲ್ಲ. ನಾನು ಬೈಗುಳಕ್ಕೆ ಕಾಯುತ್ತ ನಿಂತೆ. ನನ್ನ ಬಲಗಿವಿ ಕೈ ಬಿಟ್ಟುಹೋಯಿತು ಎಂದೇ ತಿಳಿದೆ.

ನಮ್ಮತ್ತೆ ಮಾತ್ರ ಬೈಯಲಿಲ್ಲ. "ಹೋಗ್ಲಿ ಬಿಡ್ರಿ, ಆರಾಮ ಅದಾಳಲ್ಲ. ನಾನೂ ಹೊಸದಾಗಿ ಬಂದಾಗ ಒಲಿ ಮುಂದ ಕುಂತು ಭಾಳ ಅತ್ತೀನಿ. ಹೊಗಿಗೆ ಕಣ್ಣಾಗ ನೀರ್ ಬರ್ತಾವ ಅಂತಿದ್ದೆ, ಎಲ್ಲಾರೂ ಹೌದಂತಿದ್ರು. ಯಾರೂ ಕೇಳಲಿಲ್ಲ. ಅದಕ್ಕೇ ಈಕಿ ಅತ್ತಾಗ ನನಗ ಸುಮ್ಮ ಕುಂದ್ರಾಕ ಆಗಲಿಲ್ಲ" ಅಂದರು. ನನಗೆ ಅವರ ಕಾಲು ಹಿಡಿಯಬೇಕು ಅನಿಸಿತು. ಅಷ್ಟರಲ್ಲಿ ಅವರೇ ನನ್ನ ಕಡೆ ಬಾಗಿ, "ಅಲ್ಲ, ಆ ಹುಡುಗನ ಹೆಣ ಸಿಕ್ಕದೇನು?" ಎಂದು ಕೇಳಿದರು.

"ಇಲ್ರಿ ಅತ್ತಿ."

"ಹೆಣ ಸಿಕ್ಕಿಲ್ಲ ಅಂದ್ರ ಬರ್ತಾನ. ಮುಂದ ಕೇಳು, ನನಗೂ ಹೇಳು" ಎಂದು ತೀರ್ಪು ಕೊಟ್ಟು, ಎಲ್ಲರಿಗೂ ಚಹಾಕ್ಕಿಟ್ಟರು. ತಮ್ಮ ಎರಡು ಕಪ್ಪು ಕುಡಿದ.

ಅವರು ಹೇಳಿದಂತೆಯೇ ರಾಜಕುಮಾರ ಬಂದ. ಅಲ್ಲಿಂದ ನಮ್ಮ ಮನೆಯ ರೀತಿಯೇ ಬದಲಾಯಿತು. ಆ ಕಥೆಯ ಹಿಂದಿ ನಮ್ಮತ್ತೆಗೆ ತಿಳಿಯುವಂಥದ್ದಲ್ಲ, ಅವರದು ಬಜಾರದ ಹಿಂದಿ. ಹಾಗಾಗಿ ಬಸ್ಸಿನಲ್ಲಿ ಕೇಳಿದ್ದನ್ನು ಮರುದಿನ ರೊಟ್ಟಿಯ ಹೊತ್ತಿಗೆ ನಾನು ನಮ್ಮ ಭಾಷೆಯಲ್ಲಿ ಹೇಳಬೇಕು. ಮುದ್ದು ಮಾತು ಬಂದಲ್ಲಿ ಹಾರಿಸಿದರೆ "ನಡುವ ಏನೋ ಬಿಟ್ಟಿ" ಎಂದು ಹಿಡಿಯುತ್ತಾರೆ. ಯಾರ ಕೂಗಿಗೂ ಸಿಗದ ಒಂದು ಕಿವಿ ಬೇಕು ಎಂದು ಹೊರಟವಳು ಈಗ ಬಾಯಿಯನ್ನೂ ಕೊಟ್ಟು ಕೂತಿದ್ದೆ.

ಹೋದ ತಿಂಗಳು ನಿಜಕ್ಕೂ ಅಳುವ ಪ್ರಸಂಗ ಬಂತು. ನಮ್ಮ ಮನೆಯವರು ಡ್ಯೂಟಿಯ ಗೆಳೆಯರಿಗೆಲ್ಲ ಭಾನುವಾರ ರೊಟ್ಟಿ ಊಟಕ್ಕೆ ಬನ್ನಿ ಎಂದು ಹೇಳಿ ಬಂದಿದ್ದರು. ನನಗೆ ತಿಳಿಸಿದ್ದು ಶನಿವಾರ ಬೆಳಿಗ್ಗೆ. ಮನೆತುಂಬ ತಿದ್ದಬೇಕಾದ ಉತ್ತರಪತ್ರಿಕೆಗಳು. "ಒಂದ್ ಮಾತು ಕೇಳಬಾರದೇನ್ರಿ?" ಅಂದರೆ, "ಕೇಳೂದೇನದ ಅದ್ರಾಗ? ನೀ ಇದ್ದಿಯಲ್ಲ" ಅಂದರು. ಒಲೆಯ ಮುಂದೆ ನಿಂತವಳಿಗೆ ಕಣ್ಣೀರು ಕಿತ್ತುಕೊಂಡು ಬಂತು. ನಮ್ಮತ್ತೆ ಒಳಗೆ ಬಂದರು, ನೋಡಿದರು, ಲಗುಬಗೆಯಿಂದ ಮಣೆ ಎಳೆದುಕೊಂಡರು. "ಮತ್ತ ಯಾರ್ ಸತ್ತರು? ತಡಿ, ಎಲಿ-ಅಡಿಕಿ ಹಾಕ್ಕೋತೀನಿ, ಆಮ್ಯಾಲ ಹೇಳು!"

ಏನು ಹೇಳಲಿ? "ರಾಜಕುಮಾರ ಇದ್ದಾನಲ್ರಿ, ಊರ ಮಂದಿನ್ನೆಲ್ಲಾ ಊಟಕ್ಕ ಕರದಾನ್ರಿ. ಆಕಿನ್ನ ಒಂದ್ ಮಾತು ಕೇಳಿಲ್ಲ" ಎಂದೆ.

"ಅಡಗಿ ಯಾರ್ ಮಾಡಬೇಕಂತ?"

"ಆಕೀನೇ. ಆಕಿಗಿ ಬ್ಯಾರೆ ಕೆಲಸ ರಾಶಿ ಬಿದ್ದಾವ್ರಿ."

"ಎಂಥಾ ಹುಡುಗನಾ ಅವ! ಬುದ್ಧಿ ಹೇಳೋರು ಯಾರೂ ಇಲ್ಲೇನು ಆ ಅರಮನ್ಯಾಗ?"

"ಅವರವ್ವ ಅದಾರ್ರಿ."

"ಆಕಿ ಏನ್ ಮಾಡಾಕತ್ತಾಳ?"

"ನನ್ನ ಮುಂದ ಕುಂತು ಎಲಿಗಿ ಸುಣ್ಣ ಹಚ್ಚಾಕತ್ತಾರ್ರಿ."

ಬೆರಳು ಎಲೆಯ ಮೇಲೇ ನಿಂತಿತು. ನನ್ನನ್ನು ಒಮ್ಮೆ ನೋಡಿದರು. ಎಲೆ ಕೆಳಗಿಟ್ಟು ಎದ್ದು ಹೋಗಿ ಪಡಸಾಲೆಯಲ್ಲಿ "ಶರಣಬಸಪ್ಪಾ!" ಎಂದು ಕೂಗಿದರು. ಬೇರೆ ದಿನ ಮಗ ಅವರಿಗೆ ಬರಿಯ 'ಶರಣು'. ಅಲ್ಲಿ ನಡೆದದ್ದನ್ನು ಇಲ್ಲಿ ಬರೆಯುವುದು ಸಭ್ಯತೆಯಲ್ಲ. ತಿರುಗಿ ಬಂದು ಮಣೆಯ ಮೇಲೆ ಕೂತು, ನನಗೂ ಬುದ್ಧಿ ಹೇಳಿದರು: "ಇನ್ನ ಮ್ಯಾಲ ತ್ರಾಸ ಇದ್ರ ಬಾಯಿ ತಗದು ಹೇಳು, ಕಥಿ ಕಟ್ಟಬ್ಯಾಡ. ಹೇಳಿದ್ದೆಲ್ಲಾ ಖರೇ ಅದ, ಆದ್ರ ನನ್ನ ಮಗನ್ನ ರಾಜಕುಮಾರ ಅಂದಿಯಲ್ಲ, ಅಷ್ಟು ಸುಳ್ಳ ಹೇಳಬಾರದವಾ."

ನಾನು ಏನೋ ಅನ್ನಬೇಕೆಂದಿದ್ದೆ. ಅಷ್ಟರಲ್ಲಿ ಆಚೆ ಆ ಮನುಷ್ಯ ಗೆಳೆಯರಿಗೆ ಒಬ್ಬೊಬ್ಬರಿಗೇ ಫೋನು ಮಾಡಿ, "ಇಲ್ಲೋ ಮಾರಾಯ, ತಪ್ಪು ನಂದೇ, ಆಕಿನ್ನ ಕೇಳೇ ಇರಲಿಲ್ಲ" ಎಂದು ತಡವರಿಸುತ್ತ ಬೇಡಿಕೊಳ್ಳುವುದು ಕೇಳಿಸಿತು. ದನಿ ಒಡಕು, ಮಾತು ತೊದಲು, ನಡುನಡುವೆ ಕೆಮ್ಮು. ಆ ಬೆಳಿಗ್ಗೆ ನಾನು ಇಯರ್‌ಫೋನು ಮುಟ್ಟಲಿಲ್ಲ. ಕೊನೆಯ ಫೋನಿನವರೆಗೂ ಎರಡೂ ಕಿವಿ ಕೊಟ್ಟು ಕೇಳಿದೆ.