ಪಿಕಪ್ಪಿನ ಪ್ರೆಶರ್ ನಾನೇ!

ಐವತ್ತೆಂಟನೇ ಇಸವಿಯಲ್ಲಿ ಶಿಕಾರಿಪುರದಲ್ಲಿ ಡೀಸೆಲ್ ಎಂಜಿನ್ನಿನ ಮರ್ಮ ಬಲ್ಲವರು ಇಬ್ಬರೇ ಇದ್ದರು. ಒಬ್ಬ ನಾನು. ಇನ್ನೊಬ್ಬರು ಯಾರೆಂದು ನನಗೂ ಗೊತ್ತಿಲ್ಲ. ಜಂಬದವನೆಂದು ಯಾರೂ ಅನ್ನಬಾರದಲ್ಲ ಎಂದು ಸೇರಿಸಿದ್ದೇನೆ.

ಅಕ್ಕಿ ಗಿರಣಿಯ ಎಂಜಿನ್ ನೋಡಿಕೊಳ್ಳುವುದು ನನ್ನ ಕೆಲಸ. ಗೋಡೆಯ ಮೇಲೆ ಡೀಸೆಲ್ ತೊಟ್ಟಿ, ಕೆಳಗೆ ಎಂಜಿನ್. ಎತ್ತರದಿಂದ ಇಳಿಯುವ ಎಣ್ಣೆಗೆ ಪ್ರೆಶರ್ ತಾನಾಗಿ ಬರುತ್ತದೆ. ನನ್ನ ವಿದ್ಯೆ ಇಷ್ಟೇ. ಆದರೆ ಹೆಂಡತಿಯ ತವರಿನಲ್ಲಿ ನಾನು ದೊಡ್ಡ ಎಂಜಿನಿಯರ್!

ಆದ್ದರಿಂದ ಭಾವಮೈದುನ ಶಿವಣ್ಣನ ಮದುವೆ ಸೊರಬದಲ್ಲಿ ಗೊತ್ತಾದಾಗ, ದಿಬ್ಬಣಕ್ಕೆ ಬಸ್ಸು ಮಾಡಲು ಹೊರಟ ಮಾವನವರನ್ನು ನಾನೇ ತಡೆದೆ.

"ಗಿರಣಿಗೆ ಹೊಸ ಡೀಸೆಲ್ ಪಿಕಪ್ ಬಂದೈತೆ ಮಾವ. ಮುಹೂರ್ತ ಹನ್ನೊಂದಕ್ಕೆ ತಾನೆ? ಒಂಬತ್ತಕ್ಕೇ ಮದುಮಗನ್ನ ಚಪ್ಪರದ ಮುಂದೆ ಇಳಿಸ್ತೀನಿ. ಜವಾಬ್ದಾರಿ ನಂದು!"

ಆ ಕೊನೆಯ ಮಾತನ್ನು ಆಡಬಾರದಿತ್ತು.

ಬೆಳಿಗ್ಗೆ ಏಳಕ್ಕೆ ಗಾಡಿಗೆ ಪೂಜೆ, ನನ್ನದೇ ಪೌರೋಹಿತ್ಯ. ಬಾನೆಟ್ಟಿಗೆ, ಚಕ್ರಗಳಿಗೆ, ಸ್ಟೀರಿಂಗಿಗೆ ಗಂಧ ಅರಿಶಿನ ಹಚ್ಚಿದೆ. ಗಾಡಿ ಉಣ್ಣುವ ಬಾಯಿ ಡೀಸೆಲ್ ಟ್ಯಾಂಕಲ್ಲವೆ? ಅದರ ಮುಚ್ಚಳಕ್ಕಂತೂ ಭಕ್ತಿ ಉಕ್ಕಿ ಬೆರಳು ದಪ್ಪ ಮೆತ್ತಿ, ನಡುವೆ ಕುಂಕುಮವಿಟ್ಟೆ.

ಐದು ಮೈಲಿ ಹೋಗುವಷ್ಟರಲ್ಲಿ ಪಿಕಪ್ಪು ನಾಲ್ಕು ಸಲ ಕೆಮ್ಮಿ ನಿಂತಿತು.

"ಪ್ರೆಶರ್ ಸಾಲ್ತಿಲ್ರಿ. ಎಂಜಿನ್ನಿಗೆ ಎಣ್ಣೆ ಬರ್ತಾ ಇಲ್ಲ" ಎಂದ ಡ್ರೈವರ್ ಹನುಮಂತಪ್ಪ.

"ನಾನಿದೀನಲ್ಲ, ಬಿಡು!" ಎಂದು ಕೆಳಗಿಳಿದೆ. ಡೀಸೆಲ್ ಇದೆಯೋ ಇಲ್ಲವೋ ಎಂದು ಟ್ಯಾಂಕಿನ ಮುಚ್ಚಳ ತೆರೆದೆ. 'ಉಸ್ಸ್' ಎಂದಿತು. ಡೀಸೆಲ್ ಬೇಕಾದಷ್ಟಿತ್ತು. ಮುಚ್ಚಳ ಹಾಕಿ, ಪಂಪಿನ ಒಂದು ತಿರುಪನ್ನು ಅರ್ಧ ಸುತ್ತು ತಿರುಗಿಸಿದೆ. ಗಾಡಿ ಹೊರಟೇಬಿಟ್ಟಿತು! ಹಿಂದೆ ಕೂತ ಬಂಧುಗಳು ಚಪ್ಪಾಳೆ ತಟ್ಟಿದರು. ನಾನು ಶಲ್ಯ ಸರಿ ಮಾಡಿಕೊಂಡೆ.

ಮತ್ತೆ ಐದು ಮೈಲಿಗೆ ಅದೇ ಕೆಮ್ಮು. ಮತ್ತೆ ಮುಚ್ಚಳ ತೆರೆದೆ, ಉಸ್ಸ್, ಅರ್ಧ ಸುತ್ತು. ಗಾಡಿ ಹೊರಟಿತು. ಚಪ್ಪಾಳೆ ಮಾತ್ರ ಇರಲಿಲ್ಲ.

ಮೂರನೆಯ ಸಲ ನಿಂತದ್ದು ತಾಳಗುಂದದ ಹತ್ತಿರ. ಡೀಸೆಲ್ ಇದೆಯೆಂದು ಎರಡು ಸಲ ನೋಡಿಯಾಗಿದೆ, ಇನ್ನೇಕೆ ಎಂದು ಈ ಬಾರಿ ಮುಚ್ಚಳದ ತಂಟೆಗೇ ಹೋಗಲಿಲ್ಲ. ಬರೀ ತಿರುಪು ತಿರುಗಿಸಿದೆ. ಎಡಕ್ಕೆ ತಿರುಗಿಸಿದೆ, ಬಲಕ್ಕೆ ತಿರುಗಿಸಿದೆ. ಗಾಡಿ ಮಿಸುಕಲಿಲ್ಲ! ಗಂಟೆ ಒಂಬತ್ತೂವರೆ.

ಶಿವಣ್ಣ ಬಾಸಿಂಗವನ್ನು ಮಡಿಲಲ್ಲಿಟ್ಟುಕೊಂಡು ಅಳುವುದೊಂದು ಬಾಕಿ. "ಭಾವ, ಮುಹೂರ್ತ ತಪ್ಪಿದ್ರೆ ಅವರು ಹುಡುಗಿ ಕೊಡ್ತಾರಾ?"

ನನ್ನ ಹೆಂಡತಿ ಗಿರಿಜಾ ಅವನಷ್ಟು ಮೃದುವಾಗಿ ಮಾತಾಡಲಿಲ್ಲ. "ನೋಡ್ರೀ, ನನ್ನ ತಮ್ಮನ ಮದುವೆ ನಿಂತ್ರೆ ನೀವು ಆ ಗಿರಣೀಲೇ ಸಂಸಾರ ಮಾಡ್ಕೊಂಡಿರ್ರೀ!"

ಹೆದರಿಕೆಯಲ್ಲಿ ನನ್ನ ಬುದ್ಧಿ ಚುರುಕಾಗುತ್ತದೆ. ಗಿರಣಿಯ ಗೋಡೆ ನೆನಪಾಯಿತು. ಗಾಡಿಯಲ್ಲಿ ಒಂದು ಡಬ್ಬ ಡೀಸೆಲ್ಲೂ ರಬ್ಬರ್ ಕೊಳವೆಯೂ ಇದ್ದವು. ಡಬ್ಬವನ್ನೆತ್ತಿಕೊಂಡು ಗಾಡಿಯ ತಲೆಯ ಮೇಲೆ ಹತ್ತಿ ಕೂತೆ. ಕೊಳವೆಯ ಒಂದು ತುದಿ ಡಬ್ಬದಲ್ಲಿ, ಇನ್ನೊಂದನ್ನು ಹನುಮಂತಪ್ಪ ಎಂಜಿನ್ನಿಗೆ ಸಿಕ್ಕಿಸಿದ. ಗುರ್ರ್ ಎಂದು ಶುರುವಾಯಿತು!

ಆದರೆ ಏರು ಬಂದರೆ ಪ್ರೆಶರ್ ಹೆಚ್ಚಬೇಕಲ್ಲ? ಅದಕ್ಕೂ ನಿಯಮ ಮಾಡಿದೆವು. ಒಂದು ಹಾರ್ನ್ ಆದರೆ ನಾನು ಡಬ್ಬವನ್ನು ತಲೆಯ ಮೇಲೆತ್ತಬೇಕು. ಎರಡು ಹಾರ್ನ್ ಆದರೆ ತೊಡೆಗಿಳಿಸಬೇಕು. ಸೊರಬದ ದಾರಿಯಲ್ಲಿ ಅಷ್ಟೊಂದು ಏರುಗಳಿವೆಯೆಂದು ಅಂದೇ ಗೊತ್ತಾದದ್ದು! ಪ್ರತಿ ಗುಂಡಿಗೂ ನನಗೆ ಡೀಸೆಲ್ಲಿನ ಅಭಿಷೇಕ. ರೇಷ್ಮೆ ಪಂಚೆ, ಶಲ್ಯ, ಮೀಸೆ, ಯಾವುದೂ ಉಳಿಯಲಿಲ್ಲ.

ಹತ್ತೂ ಮುಕ್ಕಾಲಿಗೆ ಚಪ್ಪರ ಮುಟ್ಟಿದೆವು. ಆರತಿ ಹಿಡಿದ ಹೆಂಗಸರೊಂದಿಗೆ ಬಂದ ಹೆಣ್ಣಿನ ಸೋದರಮಾವ ಮೇಲೆ ನೋಡಿ ಬೆಚ್ಚಿದರು. "ಅದ್ಯಾರ್ರೀ, ಮೇಲೆ ಡಬ್ಬ ಹೊತ್ಕೊಂಡು ಕೂತಿರೋದು?"

"ಅವ್ರಾ? ಅವ್ರೇ ನಮ್ಮ ಪ್ರೆಶರ್ರು" ಎಂದ ಹನುಮಂತಪ್ಪ.

ಮದುವೆ ಸಾಂಗವಾಗಿ ನಡೆಯಿತು. ಊಟದ ಪಂಕ್ತಿಯಲ್ಲಿ ನಾನು ಪ್ರೆಶರ್ ಕುರಿತು ಸುದೀರ್ಘ ಉಪನ್ಯಾಸ ಕೊಟ್ಟೆ. ಡೀಸೆಲ್ ವಾಸನೆಗೆ ಅಕ್ಕಪಕ್ಕದ ಎಲೆಗಳು ಖಾಲಿಯಾಗಿದ್ದರೂ ಎದುರು ಸಾಲಿನವರು ಭಕ್ತಿಯಿಂದ ಕೇಳಿದರು.

ಹೊರಡುವ ಮುಂಚೆ ಹನುಮಂತಪ್ಪ ತಿರುಪನ್ನು ಮೊದಲಿನ ಜಾಗಕ್ಕೆ ತಂದು, ಕೊಳವೆ ಬಿಚ್ಚಿ, ಟ್ಯಾಂಕಿನ ಮುಚ್ಚಳ ತೆರೆದ. ಉಸ್ಸ್! ಪಕ್ಕದಲ್ಲಿದ್ದ ಗಿರಿಜಾ ಮುಚ್ಚಳವನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದಳು. "ಇದಕ್ಕೆ ಗಾಳಿ ಹೋಗೋ ತೂತಿಲ್ವಾ? ಒಂದೇ ತೂತಾದ್ರೆ ಅಡುಗೆಮನೆ ಎಣ್ಣೆ ಡಬ್ಬದಿಂದ್ಲೂ ಎಣ್ಣೆ ಸರಿಯಾಗಿ ಬರಲ್ಲ. ಅದಕ್ಕೇ ಎರಡು ಹೊಡೀತೀವಿ."

"ಐತ್ರಿ ಅಕ್ಕಾ, ನಡುವೇ ಐತೆ..." ಎಂದು ಬೆರಳಿಟ್ಟು ತೋರಿಸಹೋದ. ನಡುವೆ ಇದ್ದದ್ದು ನನ್ನ ಗಂಧ, ಅರಿಶಿನ, ಕುಂಕುಮ. ಒಣಗಿ ಕಲ್ಲಾಗಿತ್ತು! ಮೊದಲೆರಡು ಸಲ ಗಾಡಿಯನ್ನು ಹೊರಡಿಸಿದ್ದು ನನ್ನ ತಿರುಪಲ್ಲ, ಮುಚ್ಚಳ ತೆರೆದಾಗ ಒಳಹೋದ ಆ 'ಉಸ್ಸ್' ಗಾಳಿ!

ಗಿರಿಜಾ ತಲೆಯಿಂದ ಪಿನ್ನು ತೆಗೆದು ಒಮ್ಮೆ ಚುಚ್ಚಿದಳು. ರಿಪೇರಿ ಮುಗಿಯಿತು.

ವಾಪಸು ಬರುವಾಗ ಗಾಡಿ ಒಮ್ಮೆಯೂ ಕೆಮ್ಮಲಿಲ್ಲ. ಆದರೂ ನಾನು ಮೇಲೆಯೇ ಕೂತಿದ್ದೆ. ಆ ವಾಸನೆಗೆ ನನ್ನನ್ನು ಒಳಗೆ ಯಾರು ಸೇರಿಸುತ್ತಾರೆ? ಏರು ಬಂದಾಗಲೆಲ್ಲ ಹನುಮಂತಪ್ಪ ಬೇಕೆಂದೇ ಒಂದು ಹಾರ್ನ್ ಹೊಡೆಯುತ್ತಿದ್ದ. ಡಬ್ಬ ಇಲ್ಲದಿದ್ದರೂ ನನ್ನ ಎರಡೂ ಕೈಗಳು ತಾವಾಗಿಯೇ ಮೇಲೇಳುತ್ತಿದ್ದವು!